ಹಿಮ್ಮಡಿಯ ಬಿರುಕು: ಚರ್ಮದ ಗಡಸುತನವೂ ನೀರಿನ ಅಂಶವೂ

ಉಗುರು ತೆಗೆಯುವವರು ಸಾಮಾನ್ಯವಾಗಿ ಸ್ನಾನವಾದ ಮೇಲೆ ತೆಗೆಯುತ್ತಾರೆ. ಒಣಗಿದ ಉಗುರು ಸಿಡಿದು ಹಾರುತ್ತದೆ. ನೆನೆದ ಉಗುರು ಬಾಗಿ ಸುಲಭವಾಗಿ ತುಂಡಾಗುತ್ತದೆ. ಈ ಸಣ್ಣ ಅನುಭವದಲ್ಲಿ ಅಡಗಿರುವ ತತ್ತ್ವವನ್ನು ದಂಪತಿಗಳಾದ ನೀವು ಅರಿತುಕೊಂಡಲ್ಲಿ, ಮಾಗಿಯ ಚಳಿಯಲ್ಲಿ ಒಡೆದು ರಕ್ತ ಒಸರುವ ಹಿಮ್ಮಡಿಯ ಬಾಧೆಯಿಂದ ಬಹುಮಟ್ಟಿಗೆ ಪಾರಾಗಬಹುದು.

ಹಿಮ್ಮಡಿ ಒಡೆಯುವುದನ್ನು ನಮ್ಮ ಗ್ರಾಮಗಳಲ್ಲಿ ಕಾಯಿಲೆಯೆಂದು ಎಣಿಸುವವರು ವಿರಳ. ದುಡಿಯುವವರ ಕಾಲು ಇರುವುದೇ ಹಾಗೆ ಎಂದು ಸುಮ್ಮನಾಗುವುದು ವಾಡಿಕೆ. ಆದರೆ ಆಳವಾದ ಬಿರುಕು ತೆರೆದ ಗಾಯವೇ ಸರಿ. ಹೊಲದ ಮಣ್ಣಿನಲ್ಲಿಯೂ ಕೊಟ್ಟಿಗೆಯ ಸಗಣಿಯಲ್ಲಿಯೂ ಧನುರ್ವಾಯುವಿನ ರೋಗಾಣುಗಳು ಇರುತ್ತವೆ. ಒಳಸೇರಲು ಅವುಗಳಿಗೆ ದೊಡ್ಡ ಗಾಯವೇ ಬೇಕೆಂದಿಲ್ಲ. ಗರ್ಭಿಣಿಯರಿಗೆ ನಾಲ್ಕು ವಾರಗಳ ಅಂತರದಲ್ಲಿ ನೀಡಲಾಗುವ ಟಿಡಿ ಲಸಿಕೆಯ ಎರಡು ವರಸೆಗಳು ತಾಯಿಯನ್ನೂ ಹುಟ್ಟುವ ಶಿಶುವನ್ನೂ ಈ ರೋಗದಿಂದ ಕಾಪಾಡುತ್ತವೆ. ಲಸಿಕೆ ಹೆಂಗಸರಿಗೆ ಮಾತ್ರವೆಂದು ಪತಿಯು ಭಾವಿಸಬಾರದು. ನೇಗಿಲು ಹಿಡಿಯುವವನ ಕಾಲಿಗೂ ಅದೇ ಮಣ್ಣು ತಗಲುತ್ತದೆ.

ಈಗ ಚರ್ಮದ ವಿಚಾರಕ್ಕೆ ಬರೋಣ. ನಮ್ಮ ಮೈಯನ್ನು ಹೊದ್ದಿರುವ ಅತ್ಯಂತ ಹೊರಗಿನ ಪದರ ಸತ್ತ ಕಣಗಳಿಂದಾದುದು. ಈ ಕಣಗಳಲ್ಲಿ ಕೆರಾಟಿನ್ ಎಂಬ ನಾರಿನಂಥ ಸಸಾರಜನಕ ಪದಾರ್ಥವು ತುಂಬಿರುತ್ತದೆ. ದನದ ಕೊಂಬು, ಗೊರಸು, ಕುರಿಯ ಉಣ್ಣೆ, ನಮ್ಮ ಕೂದಲು, ಉಗುರು ಇವೆಲ್ಲವೂ ಇದೇ ಕುಲಕ್ಕೆ ಸೇರಿದವು. ಕೂದಲು ಉಗುರುಗಳ ಕೆರಾಟಿನ್‌ನಲ್ಲಿ ಗಂಧಕದ ಅಂಶ ಹೆಚ್ಚು. ಗಂಧಕದ ಬೆಸುಗೆ ಬಿಗಿಯಾಗಿರುವುದರಿಂದ ಅವು ಗಟ್ಟಿ; ಕೂದಲು ಸುಟ್ಟಾಗ ಬರುವ ಕಮಟು ವಾಸನೆಗೂ ಗಂಧಕವೇ ಕಾರಣ. ಚರ್ಮದ ಕೆರಾಟಿನ್ ಅಷ್ಟು ಗಟ್ಟಿಯಲ್ಲ. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಹಲವು ದುರ್ಬಲವಾದವು. ನೀರು ಆ ಎಳೆಗಳ ನಡುವೆ ನುಗ್ಗಿ ಬಂಧಗಳನ್ನು ಸಡಿಲಗೊಳಿಸುತ್ತದೆ, ಎಳೆಗಳು ಜಾರಾಡುತ್ತವೆ, ಚರ್ಮ ಮೆದುವಾಗುತ್ತದೆ. ನೀರು ಆರಿಹೋದೊಡನೆ ಎಳೆಗಳು ಮತ್ತೆ ಅಂಟಿಕೊಂಡು ಬಿಗಿಯಾಗುತ್ತವೆ.

ಮೈಯ ಬಹುಭಾಗದಲ್ಲಿ ಈ ಹೊರಪದರದ ದಪ್ಪ ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ಅಂಗಾಲಿನಲ್ಲಿಯಾದರೋ ಅದು ಹತ್ತಾರು ಪಟ್ಟು ದಪ್ಪ. ಬರಿಗಾಲಿನಲ್ಲಿ ನಡೆದಷ್ಟೂ ಜಡ್ಡುಗಟ್ಟುತ್ತದೆ. ಅದರ ಮೇಲೆ, ಅಂಗಾಲು ಅಂಗೈಗಳಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳೇ ಇಲ್ಲ. ದಪ್ಪನಾದ, ಜಿಡ್ಡಿಲ್ಲದ ಪದರ ಒಣಗಿದಾಗ ದೇಹದ ಭಾರಕ್ಕೆ ಹಿಗ್ಗಲಾರದೆ, ಬೇಸಿಗೆಯ ಕೆರೆಯಂಗಳದಂತೆ ಸೀಳುತ್ತದೆ.

ಹಾಗಾದರೆ ಎಣ್ಣೆ ಹಚ್ಚಿದರಾಯಿತಲ್ಲ ಎನ್ನಬಹುದು. ಇಲ್ಲಿಯೇ ಹೆಚ್ಚಿನವರು ಎಡವುವುದು. ಅಮೆರಿಕದ ಬಾಸ್ಟನ್ ನಗರದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ 1952ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸಂದೇಹವನ್ನು ಬಗೆಹರಿಸಿತು. ಆತ ಅಂಗಾಲಿನಿಂದ ಕತ್ತರಿಸಿದ ಜಡ್ಡಿನ ತುಣುಕುಗಳನ್ನು ಒಣಗಿಸಿದ. ಅವು ಹಪ್ಪಳದಂತೆ ಮುರಿಯುವಷ್ಟು ಪೆಡಸಾದವು. ಅವನ್ನು ಎಣ್ಣೆ, ಕೊಬ್ಬುಗಳಲ್ಲಿ ಬಹುಕಾಲ ನೆನೆಸಿಟ್ಟರೂ ಪೆಡಸುತನ ಹೋಗಲಿಲ್ಲ. ನೀರನ್ನು ಹೀರಿಕೊಂಡ ತುಣುಕುಗಳು ಮಾತ್ರ ಬಾಗುವಂತಾದವು. ಹೊರಪದರದಲ್ಲಿ ನೀರಿನ ಅಂಶ ಶೇಕಡಾ 10ಕ್ಕಿಂತ ಕಡಿಮೆಯಾದರೆ ಅದು ಪೆಡಸಾಗುತ್ತದೆಂದು ಆತ ತೋರಿಸಿಕೊಟ್ಟ. ಉತ್ತರ ಕರ್ನಾಟಕದ ಗೃಹಿಣಿಯರಿಗೆ ಇದು ಹೊಸ ಮಾತಲ್ಲ. ಖಡಕ್ ಜೋಳದ ರೊಟ್ಟಿಯನ್ನು ಮೆದುಮಾಡಬೇಕಾದರೆ ಅವರು ನೀರು ಚಿಮುಕಿಸಿ ಬಟ್ಟೆ ಮುಚ್ಚಿಡುತ್ತಾರೆಯೇ ಹೊರತು ಎಣ್ಣೆ ಸವರುವುದಿಲ್ಲ.

ಎಣ್ಣೆ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ರೊಟ್ಟಿಗೆ ಮುಚ್ಚಿದ ಬಟ್ಟೆಯ ಕೆಲಸವನ್ನು ಅದು ಮಾಡುತ್ತದೆ: ಒಳಹೋದ ನೀರು ಆರಿಹೋಗದಂತೆ ತಡೆಯುತ್ತದೆ. ನೀರು ಮೊದಲು, ಎಣ್ಣೆ ಅನಂತರ. ಬರಿಯ ನೀರೂ ಸಾಲದು. ತೊಳೆದು ಹಾಗೆಯೇ ಬಿಟ್ಟ ಕಾಲು, ಚರ್ಮದಲ್ಲಿ ಸಹಜವಾಗಿರುವ ತೇವ ಹಿಡಿಯುವ ಪದಾರ್ಥಗಳನ್ನು ಕಳೆದುಕೊಂಡು ಮೊದಲಿಗಿಂತ ಹೆಚ್ಚು ಒಣಗುತ್ತದೆ. ಬಟ್ಟೆ ಸೋಪಿನಿಂದ ಉಜ್ಜಿದರಂತೂ ಹೇಳುವುದೇ ಬೇಡ.

ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಅಗಲವಾದ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ ಹತ್ತು ಹದಿನೈದು ನಿಮಿಷ ಕಾಲನ್ನಿಟ್ಟು ಕುಳಿತುಕೊಳ್ಳಿರಿ. ಮೆದುವಾದ ಜಡ್ಡನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿರಿ. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆದುಹಾಕುವ ಹಟ ಬೇಡ, ಬ್ಲೇಡು ಚಾಕುಗಳನ್ನು ಖಂಡಿತ ಮುಟ್ಟಬಾರದು. ನೀರನ್ನು ಒತ್ತಿ ಒರಸಿ, ಪಸೆ ಇನ್ನೂ ಇರುವಾಗಲೇ ಕೊಬ್ಬರಿ ಎಣ್ಣೆಯನ್ನಾಗಲಿ ಹರಳೆಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಹಚ್ಚಿರಿ. ಹಳೆಯ ಹತ್ತಿಬಟ್ಟೆಯನ್ನು ಸುತ್ತಿಕೊಂಡು ಮಲಗಿದರೆ ಇನ್ನೂ ಉತ್ತಮ. ಬಿರುಕಿಗೆ ಕಾದ ಮೇಣ ತುಂಬುವ ರೂಢಿ ಕೆಲವೆಡೆ ಇದೆ. ಚರ್ಮ ಸುಡುವ ಭಯವಷ್ಟೇ ಅಲ್ಲ, ತೊಳೆಯದ ಬಿರುಕಿನೊಳಗೆ ಕೊಳೆಯನ್ನು ಮುಚ್ಚಿಟ್ಟಂತೆಯೂ ಆಗುವುದರಿಂದ ಅದನ್ನು ಬಿಡುವುದು ಲೇಸು. ಇವೆಲ್ಲ ಕ್ರಮದಿಂದ ಫಲ ಕಾಣದಿದ್ದಲ್ಲಿ ಯೂರಿಯಾ ಬೆರೆತ ಮುಲಾಮನ್ನು ವೈದ್ಯರು ಸೂಚಿಸಬಹುದು. ಹೊಲಕ್ಕೆ ಹಾಕುವ ಯೂರಿಯಾವನ್ನು ಕಲಸಿ ಹಚ್ಚುವ ಸಾಹಸಕ್ಕೆ ಯಾರೂ ಕೈಹಾಕಕೂಡದು.

ನೀರು ಮಿತಿಮೀರಿದರೂ ಕೇಡೇ. ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನಿಂತ ಹೆಣ್ಣುಮಕ್ಕಳ ಕಾಲ್ಬೆರಳ ಸಂದುಗಳು ಬೆಳ್ಳಗೆ ಬೆಂದಂತಾಗಿ ಕಿತ್ತುಬರುತ್ತವೆ. ಅತಿಯಾಗಿ ನೆನೆದ ಚರ್ಮ ಮೆದುವಾಗಿರುತ್ತದೆ, ಆದರೆ ಬಲಹೀನ. ಬೂಷ್ಟು ಸುಲಭವಾಗಿ ಬೇರೂರುತ್ತದೆ. ಗದ್ದೆಗೆ ಇಳಿಯುವ ಮೊದಲು ಪಾದಗಳಿಗೆ ಎಣ್ಣೆ ಸವರಿಕೊಳ್ಳುವ ಪದ್ಧತಿ ಒಳ್ಳೆಯದು. ಹಿಂದಿರುಗಿದ ಮೇಲೆ ಬೆರಳ ಸಂದುಗಳನ್ನು ತೊಳೆದು ಪೂರ್ತಿಯಾಗಿ ಒಣಗಿಸಬೇಕು. ಆಗ ಅಲ್ಲಿಗೆ ಎಣ್ಣೆ ಸಲ್ಲದು.

ಚರ್ಮದ ಗಡಸುತನವನ್ನು ಅಳೆಯುವ ಉಪಕರಣವೂ ಉಂಟು. ರಬ್ಬರಿನ ಗಡಸುತನವನ್ನು ಅಳೆಯಲೆಂದು ಆಲ್ಬರ್ಟ್ ಶೋರ್ ಎಂಬಾತ ಕಳೆದ ಶತಮಾನದ ಆರಂಭಕಾಲದಲ್ಲಿ ರೂಪಿಸಿದ ಡ್ಯೂರೋಮೀಟರ್ ಅದು. ಸ್ಪ್ರಿಂಗಿನಿಂದ ಒತ್ತಲ್ಪಟ್ಟ ಮೊಂಡು ಮೊನೆ ಎಷ್ಟು ಒಳಗಿಳಿಯುತ್ತದೆಂಬುದನ್ನು ಅದರ ಮುಳ್ಳು 0ಯಿಂದ 100ರವರೆಗಿನ ಅಂಕೆಗಳಲ್ಲಿ ತೋರಿಸುತ್ತದೆ. ಚೆನ್ನೈಯ ಐ.ಐ.ಟಿ.ಯ ಸಂಶೋಧಕರೂ ಮಧುಮೇಹಿಗಳ ಅಂಗಾಲನ್ನು ಈ ರೀತಿ ಅಳೆದು ನೋಡಿದ್ದಾರೆ. ನರಗಳು ಕೆಟ್ಟ ಮಧುಮೇಹಿಯ ಅಂಗಾಲು ಗಡಸಾಗಿರುವುದು ಇಂಥ ಪರೀಕ್ಷೆಗಳಿಂದ ಕಂಡುಬಂದಿದೆ. ಬೆವರನ್ನು ಹೊಮ್ಮಿಸುವ ನರಗಳು ಕೆಟ್ಟೊಡನೆ ಅಂಗಾಲು ಒಣಗುತ್ತದೆ. ನೋವನ್ನು ತಿಳಿಸುವ ನರಗಳೂ ಕೆಟ್ಟಿರುವುದರಿಂದ ಬಿರುಕು ಬಿಟ್ಟದ್ದು ಅವನಿಗೆ ತಿಳಿಯುವುದಿಲ್ಲ. ಕುಷ್ಠರೋಗದಲ್ಲಿಯೂ ಹೀಗೆಯೇ. ವೆಲ್ಲೂರಿನಲ್ಲಿ 1946ರಿಂದ ಸೇವೆ ಸಲ್ಲಿಸಿದ ಡಾ. ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಯ ಬೆರಳುಗಳು ನಶಿಸುವುದು ರೋಗವು ಮಾಂಸವನ್ನು ತಿನ್ನುವುದರಿಂದಲ್ಲ, ಅರಿವಿಗೆ ಬಾರದ ಗಾಯಗಳಿಂದ ಎಂಬುದನ್ನು ಸ್ಪಷ್ಟಪಡಿಸಿದರು.

ಆದುದರಿಂದ ನೋಯುವ ಬಿರುಕಿಗಿಂತ ನೋಯದ ಬಿರುಕು ಹೆಚ್ಚು ಅಪಾಯಕಾರಿ. ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವುದು ಕಷ್ಟ. ಪತಿಯದನ್ನು ಸತಿಯೂ ಸತಿಯದನ್ನು ಪತಿಯೂ ದೀಪದ ಬೆಳಕಿನಲ್ಲಿ ಪರೀಕ್ಷಿಸುವುದು ಯುಕ್ತ. ಹೆಂಡತಿಯ ಕಾಲನ್ನು ಗಂಡ ಮುಟ್ಟುವುದೆಂತು ಎಂಬ ಸಂಕೋಚವನ್ನು ಇಲ್ಲಿ ಬದಿಗಿಡಬೇಕು. ಬಿರುಕಿನ ಸುತ್ತ ಕೆಂಪು, ಬಿಸಿ, ಕೀವು ಕಂಡರೆ, ಹತ್ತಿಯ ಎಳೆ ತಾಗಿದ್ದು ತಿಳಿಯದಿದ್ದರೆ, ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆಯಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಕುಷ್ಠರೋಗದ ಔಷಧವನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. 30 ವರ್ಷ ದಾಟಿದವರಿಗೆ ಮಧುಮೇಹದ ತಪಾಸಣೆಯೂ ಉಂಟು. ಮಧುಮೇಹವಿರುವವರು ಕಾಲನ್ನು ಬಹಳ ಹೊತ್ತು ನೀರಿನಲ್ಲಿ ಇಡಬಾರದು; ಸುಮ್ಮನೆ ತೊಳೆದು, ಒರಸಿ, ಎಣ್ಣೆ ಹಚ್ಚಿದರೆ ಸಾಕು. ಕಾಲಿಗೆ ಬಿಸಿ ತಿಳಿಯದವರ ನೀರಿನ ಹದವನ್ನು ಮನೆಯ ಇನ್ನೊಬ್ಬರು ಮೊಣಕೈ ಅದ್ದಿ ನೋಡಿದ ಮೇಲೆಯೇ ಅವರು ಕಾಲಿಡಬೇಕು.