ಬಿದ್ದು ಹೋಗುವ ಹಲ್ಲಿಗೂ ಆರೈಕೆ ಬೇಕು



“ಹಾಲುಹಲ್ಲು ತಾನೆ, ಹೇಗೂ ಬಿದ್ದು ಹೋಗುತ್ತದೆ” ಎಂಬ ಮಾತು ನಮ್ಮ ಅನೇಕ ಮನೆಗಳಲ್ಲಿದೆ. ಆದರೆ ಕೊನೆಯ ಹಾಲುಹಲ್ಲು ಬೀಳುವುದು ಸುಮಾರು 12ನೇ ವಯಸ್ಸಿಗೆ. ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟ ಮಗು ಮರುದಿನ ಶಾಲೆ ತಪ್ಪಿಸುತ್ತದೆ. ಆ ನಷ್ಟವನ್ನು ವಿದ್ಯಾರ್ಥಿವೇತನ ತುಂಬಲಾರದು.

ಸುಮಾರು 6 ತಿಂಗಳಿಂದ 3 ವರ್ಷದೊಳಗೆ 20 ಹಾಲುಹಲ್ಲುಗಳು ಬರುತ್ತವೆ. ಮುಂದೆ ಬರುವ ಶಾಶ್ವತ ಹಲ್ಲಿಗೆ ಇವು ಜಾಗ ಕಾಯುತ್ತವೆ. ಹುಳುಕಾಗಿ ಬೇಗ ಹೋದರೆ ಅಕ್ಕಪಕ್ಕದ ಹಲ್ಲು ವಾಲಿ, ಹೊಸ ಹಲ್ಲು ಸೊಟ್ಟಗೆ ಬರಬಹುದು. 6ನೇ ವಯಸ್ಸಿಗೆ, ಯಾವ ಹಲ್ಲೂ ಬೀಳದೆ, ಹಿಂದುಗಡೆ ಬರುವ ದವಡೆ ಹಲ್ಲು ಶಾಶ್ವತವಾದದ್ದು. ಅದನ್ನು ಹಾಲುಹಲ್ಲೆಂದು ಕಡೆಗಣಿಸಬಾರದು.

ಹುಳುಕು ಹಲ್ಲಿನಲ್ಲಿ ಹುಳುವಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ. ರೇಷ್ಮೆ ನೂಲು ಬಿಚ್ಚುವ, ಗೊಂಬೆ ಮಾಡುವ ಕೆಲಸದಲ್ಲಿ ದಣಿದ ತಾಯಿಗೆ ಸಕ್ಕರೆ ಹಾಲಿನ ಬಾಟಲಿ ಸುಲಭದ ದಾರಿ. ಆದರೂ ಬಾಟಲಿ ಬಾಯಲ್ಲಿಟ್ಟು ಮಗುವನ್ನು ಮಲಗಿಸಬೇಡಿ.

ಮೊದಲ ಹಲ್ಲು ಬಂದಾಗಿನಿಂದ ದಿನಕ್ಕೆ ಎರಡು ಬಾರಿ ಉಜ್ಜಿಸಿ. ಫ್ಲೋರೈಡ್ ಪೇಸ್ಟು 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಸಾಕು. ಮನೆಯಲ್ಲಿ ಹಿರಿಯರು ಮಿಸ್ವಾಕ್ ಮಾಡುವಾಗಲೇ ಮಗುವಿನ ಕೈಗೂ ಬ್ರಷ್ ಕೊಡಿ, ಕೊನೆಗೆ ನೀವೇ ಒಮ್ಮೆ ಉಜ್ಜಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ತಪಾಸಣೆಯಿದೆ. ಹಲ್ಲಿನ ತೊಂದರೆಯೂ ಅದರಲ್ಲಿ ಸೇರಿದೆ. ಕೆಂಪಾಪುರದ ಪೋಷಕರು ತಂಡ ಬರುವ ದಿನವನ್ನು ಅಂಗನವಾಡಿಯಲ್ಲಿ ಕೇಳಿ ತಿಳಿದು, ಅಂದು ಮಗುವನ್ನು ತಪ್ಪದೆ ಕಳುಹಿಸಬೇಕೆಂದು ವಿನಂತಿ.