ಮಳೆಯ ಲೆಕ್ಕ, ಹಬ್ಬದ ಲೆಕ್ಕ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನಲ್ಲಿ ಚೋರನೂರು ಒಂದು ಹೋಬಳಿಯ ಊರು. ಕಬ್ಬಿಣ, ಮ್ಯಾಂಗನೀಸ್ ಅದುರುಗಳ ದೆಸೆಯಿಂದ ಸಂಡೂರಿನ ಹೆಸರು ದೇಶಾಂತರಗಳಲ್ಲಿಯೂ ಪ್ರಸಿದ್ಧವಾಗಿದೆ. ಆದರೆ ಈ ಸೀಮೆಯ ರೈತನ ಕಣ್ಣು ನೆಲದೊಳಗಿನ ಅದುರಿಗಿಂತ ಆಕಾಶದಲ್ಲಿನ ಮೋಡದ ಮೇಲೆಯೇ ಹೆಚ್ಚು. 1953ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿದು, ಎಷ್ಟೋ ಹೊಲಗಳಿಗೆ ಭತ್ತದ ಭಾಗ್ಯವನ್ನು ತಂದಿತು. ಕಾಲುವೆ ಕಾಣದ ಹೊಲಗಳಿಗೆ ಮಾತ್ರ ಇಂದಿಗೂ ಮಳೆರಾಯನೇ ಗತಿ. ಅಲ್ಲಿ ವಾರ ಮುಂಚೆ ಬಿತ್ತಿದರೆ ಬೀಜ ಒಣಗೀತು. ವಾರ ತಡೆದರೆ ಹದ ಆರೀತು. ಇಂತಹ ಇಕ್ಕಟ್ಟಿನಲ್ಲಿ ಬಾಳಿದ ಜನರು ಕಾಲವನ್ನು ಅಳೆಯಲು ಕಟ್ಟಿಕೊಂಡ ಸಾಧನವೇ ಹಬ್ಬಗಳ ಸಾಲು.

ಸೂಕ್ಷ್ಮವಾಗಿ ನೋಡಿದರೆ ಈ ಸಾಧನದಲ್ಲಿ ಒಂದಲ್ಲ, ಎರಡು ಲೆಕ್ಕಗಳಿವೆ. ಹಬ್ಬಗಳು ಚಂದ್ರನನ್ನು ಹಿಂಬಾಲಿಸುತ್ತವೆ, ಮಳೆಗಳು ಸೂರ್ಯನನ್ನು. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ದಾಟಲು ಒಂದು ವರ್ಷ ಬೇಕು. ಎಂದರೆ ಒಂದೊಂದು ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರಾ. ಹೀಗೆ ಸ್ವಾತಿ, ವಿಶಾಖೆಯವರೆಗೆ ರೈತನ ನಾಲಗೆಯ ಮೇಲೆ ಮಳೆಗಳ ಹೆಸರು ಹರಿಯುತ್ತದೆ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳವೆಂಬ ಮಾತನ್ನು ಉತ್ತರದ ಸೀಮೆಯಲ್ಲಿ ಅರಿಯದವರಾರು?

ಚಂದ್ರನ ಲೆಕ್ಕ ಇಷ್ಟು ಸರಳವಲ್ಲ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು ಮಾತ್ರ. ವರ್ಷಕ್ಕೆ ಹನ್ನೊಂದು ದಿನಗಳ ಕೊರತೆ ಬೀಳುವುದರಿಂದ, ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಸರಿದೂಗಿಸುತ್ತಾರೆ. 2022ರಲ್ಲಿ ನಾಗರಪಂಚಮಿ ಆಗಸ್ಟ್ 2ರಂದು, ಪುಷ್ಯ ಮಳೆಯ ಕೊನೆಗೆ ಬಂದಿತು. ಮರುವರ್ಷ ಅಧಿಕ ಶ್ರಾವಣವಿದ್ದುದರಿಂದ ಅದೇ ಹಬ್ಬ ಆಗಸ್ಟ್ 21ಕ್ಕೆ, ಮಘೆ ಮಳೆಯೊಳಗೆ ಸರಿಯಿತು. ಆದುದರಿಂದಲೇ ರೈತನು ಹಬ್ಬವನ್ನು ನೋಡಿ ಬಿತ್ತುವುದಿಲ್ಲ, ಮಳೆಯ ನಕ್ಷತ್ರವನ್ನು ನೋಡಿ ಬಿತ್ತುತ್ತಾನೆ. ಹಬ್ಬವಾದರೋ ದುಡಿಮೆಯ ಘಟ್ಟಗಳನ್ನು ಊರಿಗೆಲ್ಲ ಒಟ್ಟಿಗೆ ಸಾರುವ ಡಂಗುರ.

ಎತ್ತು, ಮಣ್ಣು, ನಾಗರ

ಜ್ಯೇಷ್ಠದ ಹುಣ್ಣಿಮೆಯೇ ಕಾರಹುಣ್ಣಿಮೆ. ಆ ವೇಳೆಗೆ ಮುಂಗಾರು ಕಾಲಿಟ್ಟಿರುತ್ತದೆ. ಎತ್ತುಗಳ ಮೇಲೆ ವರ್ಷದ ಭಾರವೆಲ್ಲ ಬೀಳಲಿರುತ್ತದೆ. ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಊರ ಅಗಸೆಯಲ್ಲಿ ಕಟ್ಟಿದ ಕರಿಯನ್ನು ಹರಿಸುತ್ತಾರೆ. ಮುಂದಾಗಿ ನುಗ್ಗಿದ ಎತ್ತು ಕೆಂದಾದರೆ ಮುಂಗಾರಿ ಬೆಳೆ ಮೇಲು, ಬಿಳಿದಾದರೆ ಹಿಂಗಾರಿಯ ಬಿಳಿಜೋಳ ಮೇಲು ಎಂಬುದು ಹಲವೆಡೆ ನಡೆದುಬಂದ ನಂಬಿಕೆ. ಎತ್ತಿನ ಬಣ್ಣಕ್ಕೂ ಮೋಡಕ್ಕೂ ಸಂಬಂಧವಿಲ್ಲವೆಂಬುದು ನಿಜವೇ. ಆದರೆ ಮುಂಗಾರಿ ಕೆಟ್ಟರೂ ಹಿಂಗಾರಿ ಉಳಿದಿದೆ ಎಂಬ ತಿಳಿವಳಿಕೆಯೂ ಈ ಆಟದಲ್ಲಿ ಅಡಗಿದೆಯಲ್ಲವೆ?

ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಮಳೆಗೆ ನೆನೆದ ಮಣ್ಣು ಕೈಗೆ ಅಂಟುವ ಕಾಲವದು. ಆ ಮಣ್ಣಿನಿಂದಲೇ ಜೋಡಿ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಶ್ರಾವಣದ ನಾಗರಪಂಚಮಿಯ ಹೊತ್ತಿಗೆ ಬಿಲಗಳಿಗೆ ನೀರು ನುಗ್ಗಿ ಹಾವುಗಳು ಬದುವಿನ ಮೇಲೆ ಕಾಣಿಸಿಕೊಳ್ಳುತ್ತವೆ. ಅಂದು ನೆಲವನ್ನು ಅಗೆಯಬಾರದು, ನೇಗಿಲು ಹೂಡಬಾರದು. ಹುತ್ತಕ್ಕೆ ಹಾಲೆರೆದು, ಅರಳು ಮೆದ್ದು, ಉಂಡಿ ತಿಂದು, ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯಾಡುತ್ತಾರೆ. ಬೆಳೆಯನ್ನು ತಿನ್ನುವ ಇಲಿಗಳಿಗೆ ಹಾವೇ ವೈರಿಯೆಂಬುದನ್ನು ನೆನೆದರೆ, ಈ ಒಂದು ದಿನದ ಅಭಯ ಅರ್ಥವಿಲ್ಲದ್ದೆನ್ನಲಾಗದು.

ಏಳು ದಿನದ ಜೋಕುಮಾರ

ಬಳ್ಳಾರಿಯ ಸೀಮೆಯಲ್ಲಿ ವರ್ಷದ ಅತಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ತಿಂಗಳಿನಲ್ಲಿ. ಮುಂಗಾರಿಯ ಕಾಳು ಗಟ್ಟಿಯಾಗುವುದೂ, ಹಿಂಗಾರಿಯ ಬಿತ್ತನೆಗೆ ಹದ ಸಿಗುವುದೂ ಈ ಮಳೆಯಿಂದಲೇ. ಸರಿಯಾಗಿ ಆ ಸುಮಾರಿಗೆ, ಭಾದ್ರಪದ ಶುದ್ಧ ಅಷ್ಟಮಿಯಂದು, ಜೋಕುಮಾರಸ್ವಾಮಿ ಹುಟ್ಟುತ್ತಾನೆ. ಬಾಯಿಗೆ ಬೆಣ್ಣೆ ಮೆತ್ತಿದ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟು, ಗಂಗಾಮತದ ಹೆಂಗಸರು ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಕಾಳು ನೀಡುತ್ತಾರೆ. ಅವರಿಂದ ಪಡೆದ ಚರಗವನ್ನು ರೈತರು ಹೊಲಕ್ಕೆ ಚೆಲ್ಲುವುದುಂಟು.

ಜನಪದರು ಹೇಳುವ ಕಥೆ ಮಾರ್ಮಿಕವಾದುದು. ಮೊದಲು ಬಂದ ಗಣಪ ಕಡಬು ಉಂಡು, ಭೂಲೋಕದಲ್ಲಿ ಎಲ್ಲವೂ ಸುಖವೆಂದು ತಂದೆ ಶಿವನಿಗೆ ವರದಿಯೊಪ್ಪಿಸಿದ. ಹಿಂದೆ ಬಂದ ಜೋಕುಮಾರ ಬಾಡಿದ ಪೈರನ್ನೂ ಬಡವರ ಬವಣೆಯನ್ನೂ ಕಂಡ. ಏಳು ದಿನ ಬಾಳಿ ಹುಣ್ಣಿಮೆಯ ರಾತ್ರಿ ಸತ್ತು, ಕಂಡದ್ದನ್ನು ಕಂಡಂತೆ ಶಿವನಿಗೆ ತಿಳಿಸಿ ಮಳೆ ತರಿಸಿದ. ಸುಖದ ಸುದ್ದಿಯನ್ನೇ ಒಯ್ಯುವ ದೇವರು ಸಾಲದೆಂದು, ಕಷ್ಟದ ಸುದ್ದಿಯನ್ನೊಯ್ಯಲು ಇನ್ನೊಬ್ಬನನ್ನು ಜನರು ಕಲ್ಪಿಸಿಕೊಂಡರು. ಬರಗಾಲದ ನೆನಪು ಆರದ ನೆಲದಲ್ಲಲ್ಲದೆ ಇಂತಹ ಕಥೆ ಬೇರೆಲ್ಲಿ ಹುಟ್ಟೀತು?

ದೂರದ ನೆಂಟರು

ಯೂರೋಪಿನ ಸರ್ಬಿಯ ದೇಶದ ಹಳ್ಳಿಗರು ಕ್ರೈಸ್ತರು. ಅವರ ಹಬ್ಬಗಳಿಗೆ ಸಂತರ ಹೆಸರುಗಳಿವೆ. ಆದರೂ ಒಳಗಿನ ತಿರುಳು ಋತುವಿನದೇ. ಮೇ 6ರ ಸಂತ ಜಾರ್ಜನ ಹಬ್ಬದಿಂದ ಅವರಿಗೆ ಬೇಸಗೆಯ ಅರ್ಧವರ್ಷ ಆರಂಭ. ಅಂದು ಹಸುರು ಮಾಲೆಗಳನ್ನು ಕಟ್ಟಿ ಕುರಿಗಳನ್ನು ವಿಧಿಪೂರ್ವಕವಾಗಿ ಕರೆಯುತ್ತಾರೆ. ನವೆಂಬರ್ 8ರ ಸಂತ ದಿಮಿತ್ರಿಯ ಹಬ್ಬಕ್ಕೆ ಚಳಿಯ ಅರ್ಧವರ್ಷ ಮೊದಲಾಗುತ್ತದೆ. ಆಗಸ್ಟ್ 2ರ ಸಂತ ಇಲಿಯ ಅವರಿಗೆ ಗುಡುಗಿನೊಡೆಯ. ಅಂದು ಹೊಲದ ಕೆಲಸಕ್ಕೆ ಹೋಗಲು ಸಿಡಿಲಿನ ಭಯ. ಅನಾವೃಷ್ಟಿಯಾದರೆ ಮೈತುಂಬ ಸೊಪ್ಪು ಸುತ್ತಿಕೊಂಡ ‘ದೊದೊಲ’ ಎಂಬ ಹುಡುಗಿ, ಸಂಗಡಿಗರೊಡನೆ ಮನೆಮನೆಗೆ ಕುಣಿದು ಬರುತ್ತಿದ್ದಳು. ಮನೆಯವರು ಅವಳ ಮೇಲೆ ನೀರೆರೆಯುತ್ತಿದ್ದರು. ಬೇವಿನ ಬುಟ್ಟಿಯ ಜೋಕುಮಾರನಿಗೂ ಸೊಪ್ಪಿನುಡುಗೆಯ ದೊದೊಲೆಗೂ ಪರಿಚಯವಿಲ್ಲ. ಇಬ್ಬರೂ ಬೇಡಿದ್ದು ಮಾತ್ರ ಮಳೆಯನ್ನೇ.

ಸರಿಯುವ ಲೆಕ್ಕ

ಆದರೆ ಆಕಾಶದ ಲೆಕ್ಕಗಳೂ ಸ್ಥಿರವಲ್ಲ. ಸರ್ಬಿಯದ ಇಗರ್ಜಿ ಅನುಸರಿಸುವ ಹಳೆಯ ಜೂಲಿಯನ್ ಪಂಚಾಂಗ ಋತುಗಳಿಂದ ಸುಮಾರು 128 ವರ್ಷಗಳಿಗೆ ಒಂದು ದಿನ ಜಾರುತ್ತದೆ. ಇಂದು ಅದು ಲೋಕವ್ಯವಹಾರದ ಪಂಚಾಂಗಕ್ಕಿಂತ 13 ದಿನ ಹಿಂದೆ ಇದೆ. ನಮ್ಮ ನಿರಯನ ಲೆಕ್ಕವೂ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುವಿನಿಂದ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಇಂದು ಆ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದಾದರೋ ಡಿಸೆಂಬರ್ 22ರ ಸುಮಾರಿಗೆ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರ ವರದಿಯಲ್ಲಿ ಈ ಅಂತರವನ್ನು 23 ದಿನಗಳೆಂದು ಎಣಿಸಿತು.

ಒಂದು ಆಯುಷ್ಯದಲ್ಲಿ ಒಂದು ದಿನ ಸರಿದರೆ ರೈತನಿಗೆ ನಷ್ಟವಿಲ್ಲ. ನಷ್ಟವಿರುವುದು ಮಳೆಯ ನಡತೆಯೇ ಕೆಟ್ಟಾಗ. ರೋಹಿಣಿಯಲ್ಲಿ ಸುರಿದು ಆರಿದ್ರೆಯಲ್ಲಿ ಕೈಕೊಟ್ಟರೆ ಯಾವ ಪಂಚಾಂಗವೂ ಬೀಜದ ಹಣವನ್ನು ಮರಳಿ ಕೊಡದು. ಈ ಕಾರಣದಿಂದಲೇ ಕರ್ನಾಟಕ ಸರಕಾರ 1988ರಲ್ಲಿ ಬರದ ಮೇಲ್ವಿಚಾರಣೆಗೆಂದು ಒಂದು ಘಟಕವನ್ನು ತೆರೆಯಿತು. ಈಗ ಅದು ಬೆಳೆದು ಊರೂರಿನ ಮಳೆಮಾಪಕಗಳ ಲೆಕ್ಕವನ್ನಿಡುತ್ತಿದೆ. ಇತ್ತ ಟ್ರ್ಯಾಕ್ಟರು ಬಂದು ಕೊಟ್ಟಿಗೆಯ ಎತ್ತುಗಳು ಕಡಿಮೆಯಾಗಿವೆ. ಜೋಳ, ನವಣೆಗಳ ಎಷ್ಟೋ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿವೆ. ಕರಿ ಹರಿಯುವ ಎತ್ತೇ ಇಲ್ಲದ ಊರಿನಲ್ಲಿ ಕಾರಹುಣ್ಣಿಮೆ ಹೋಳಿಗೆಯ ಊಟವಾಗಿ ಉಳಿದೀತು.

ಆದರೂ ಆಶ್ವೀಜದ ಸೀಗಿ ಹುಣ್ಣಿಮೆ ಬಂದಾಗ ಪೈರು ತೆನೆಗಟ್ಟಿ ನಿಂತಿರುತ್ತದೆ. ಬಸುರಿಗೆ ಸೀಮಂತ ಮಾಡುವಂತೆ ಭೂತಾಯಿಗೆ ಉಡಿ ತುಂಬಿ, ಬಗೆಬಗೆಯ ಅಡುಗೆಯನ್ನು ಹೊಲದ ನಾಲ್ಕು ಮೂಲೆಗೂ ಚರಗವಾಗಿ ಚೆಲ್ಲುತ್ತಾರೆ. ಉಳಿದ ಬುತ್ತಿಯನ್ನು ಬನ್ನಿಯ ನೆರಳಿನಲ್ಲಿ ಮನೆಮಂದಿಯೆಲ್ಲ ಕುಳಿತು ಉಣ್ಣುವಾಗ, ಹಿರಿಯನೊಬ್ಬನು ಎದ್ದು ಸಾಲಿನ ಮಣ್ಣನ್ನು ಬೆರಳಿನಿಂದ ಕೆದಕಿ ನೋಡುತ್ತಾನೆ: ಚಿತ್ತೆಯ ಮಳೆಯ ಹಸಿ ಇನ್ನೂ ಇದೆಯೇ, ಹಿಂಗಾರಿಗೆ ಸಾಲುವುದೇ ಎಂದು.