ಲ್ಯಾಬ್ರಡಾರ್ ಮರಿಗೆ ಏಕಿಷ್ಟು ಹಸಿವು?

ಲ್ಯಾಬ್ರಡಾರ್ ಮರಿ ಮನೆಗೆ ಬಂದ ವಾರದೊಳಗೆ ಯಾರಾದರೊಬ್ಬರು, ಸಾಮಾನ್ಯವಾಗಿ ಅಜ್ಜಿ, "ಪಾಪ, ಇದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ತಟ್ಟೆ ಬರಿದಾದರೂ ಮರಿ ನೆಕ್ಕುತ್ತಲೇ ಇರುತ್ತದೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮುಖ ನೋಡುತ್ತದೆ. ಆ ನೋಟಕ್ಕೆ ಕರಗಿ ಒಬ್ಬರು ಚಪಾತಿ ಚೂರು ಹಾಕುತ್ತಾರೆ, ಇನ್ನೊಬ್ಬರು ಬಿಸ್ಕತ್ತು. ಮರಿ ತರುವ ಮುನ್ನ ಮನೆಮಂದಿಯೆಲ್ಲ ತಿಳಿದಿರಬೇಕಾದ ಮೊದಲ ಸಂಗತಿ ಈ ಹಸಿವಿನದು. ಬೆಲ್ಟು, ಹಾಸಿಗೆಯ ಮಾತೆಲ್ಲ ಆಮೇಲೆ.

2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪಶುವೈದ್ಯೆ ಎಲೀನರ್ ರಾಫನ್ ಮತ್ತು ಸಂಗಡಿಗರು ಅನೇಕ ಲ್ಯಾಬ್ರಡಾರ್‌ಗಳ ಪಿಒಎಂಸಿ ಎಂಬ ಜೀನಿನಲ್ಲಿ ಒಂದು ಲೋಪ ಕಂಡರು. ಡಿಎನ್‌ಎಯ 14 ಅಕ್ಷರಗಳು ಅಲ್ಲಿ ಬಿಟ್ಟುಹೋಗಿದ್ದವು. ಮೈಯಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ಗಮನಿಸಿ ಹಸಿವನ್ನು ಹತೋಟಿಯಲ್ಲಿಡುವ ಮಿದುಳಿನ ವ್ಯವಸ್ಥೆಗೆ ಈ ಜೀನ್ ಬೇಕೇಬೇಕು. ಬ್ರಿಟನ್ನಿನ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಈ ಲೋಪವಿದೆ. ಲೋಪವಿರುವ ಜೀನಿನ ಒಂದೊಂದು ಪ್ರತಿಗೂ ನಾಯಿಯ ತೂಕ ಸರಾಸರಿ 2 ಕಿಲೋದಷ್ಟು ಏರುತ್ತದೆ.

ಅದೇ ತಂಡ 2024ರಲ್ಲಿ ಇನ್ನಷ್ಟು ವಿವರ ಕೊಟ್ಟಿತು. ಬೆಳಗಿನ ಊಟ ಮುಗಿಸಿ ಮೂರು ಗಂಟೆ ಕಳೆದ ನಾಯಿಗಳ ಮುಂದೆ ಪಾರದರ್ಶಕ ಡಬ್ಬಿಯಲ್ಲಿ ಮಾಂಸದ ತಿನಿಸು ಇಟ್ಟರು. ಕಾಣುತ್ತದೆ, ಮೂಗಿಗೂ ಬಡಿಯುತ್ತದೆ, ಬಾಯಿಗೆ ಮಾತ್ರ ಸಿಗದು. ಲೋಪವಿದ್ದ ನಾಯಿಗಳು ಡಬ್ಬಿ ತೆರೆಯಲು ಉಳಿದವಕ್ಕಿಂತ ಹೆಚ್ಚು ಹೆಣಗಿದವು. ಹೊಟ್ಟೆ ತುಂಬುವಷ್ಟು ಹಾಕಿದಾಗ ಅವೇನೂ ಹೆಚ್ಚು ತಿನ್ನಲಿಲ್ಲ; ಎರಡು ಊಟಗಳ ನಡುವೆ ಅವಕ್ಕೆ ಬೇಗ ಹಸಿವಾಗುತ್ತಿತ್ತು. ಜೊತೆಗೆ ಸುಮ್ಮನೆ ಮಲಗಿದ್ದಾಗ ಅವುಗಳ ದೇಹ ಸುಮಾರು ಶೇ 25ರಷ್ಟು ಕಡಿಮೆ ಶಕ್ತಿ ವ್ಯಯಿಸುತ್ತಿತ್ತು. ಹಸಿವು ಹೆಚ್ಚು, ಖರ್ಚು ಕಡಿಮೆ. ಇಂಥ ಪ್ರಾಣಿಯನ್ನು "ಹೊಟ್ಟೆಬಾಕ" ಎಂದು ಬೈಯುವುದು ಅನ್ಯಾಯ. ಅದರ ಹಸಿವು ನಿಜವಾದದ್ದೇ, ಆದರೆ ದೇಹಕ್ಕೆ ಬೇಕಾದ ಆಹಾರದ ಅಳತೆ ಅದಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೂ ಗಟ್ಟಿ ಪುರಾವೆಯಿದೆ. ನಾಯಿಗಳ ಆಹಾರ ತಯಾರಿಸುವ ಪ್ಯೂರಿನಾ ಸಂಸ್ಥೆಯ ವಿಜ್ಞಾನಿಗಳು 48 ಲ್ಯಾಬ್ರಡಾರ್ ಮರಿಗಳನ್ನು ಒಡಹುಟ್ಟಿದವುಗಳ ಜೋಡಿ ಮಾಡಿ, ಎರಡು ತಿಂಗಳ ವಯಸ್ಸಿನಿಂದ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು, ಬದುಕಿನುದ್ದಕ್ಕೂ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಹೆಚ್ಚು ತಿಂದವುಗಳ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದವುಗಳದ್ದು 13. ಕೀಲುನೋವು ಕೂಡ ತಡವಾಗಿ ಬಂತು. ನಾಯಿಯ ಬದುಕಿನಲ್ಲಿ ಹತ್ತಿರಹತ್ತಿರ ಎರಡು ವರ್ಷವೆಂದರೆ ಸಣ್ಣ ಗಳಿಕೆಯೇ?

ಮರಿಯ ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಸುಲಭವಾಗಿ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. "ದುಂಡಗೆ ಮುದ್ದಾಗಿದೆ" ಎಂಬ ಮೆಚ್ಚುಗೆ ಲ್ಯಾಬ್ರಡಾರ್ ಮಟ್ಟಿಗೆ ಎಚ್ಚರಿಕೆಯ ಗಂಟೆ. ಎಲುಬಿನ ಬೆಳವಣಿಗೆ ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ಹೆಚ್ಚುವರಿ ತೂಕವೂ ಜಾರುವ ಟೈಲ್ಸ್ ನೆಲವೂ ಕೀಲಿಗೆ ಶತ್ರುಗಳು. ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಸಿರಪ್ ಕುಡಿಸುವವರಿದ್ದಾರೆ. ದೊಡ್ಡ ತಳಿಯ ಎಳೆಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ಹೀರದಂತೆ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎಲುಬು ಸೊಟ್ಟ ಬೆಳೆಯಬಹುದು. ಮರಿಗಳಿಗೆಂದೇ ಸಿದ್ಧವಾದ ಆಹಾರ ಕೊಡುತ್ತಿದ್ದರೆ ಸಿರಪ್ಪು ಬೇಡ, ವೈದ್ಯರೇ ಬರೆದುಕೊಟ್ಟ ಹೊರತು. ಬರೀ ಮೊಸರನ್ನದಲ್ಲಿ ಸಾಕುವುದೂ ಸರಿಯಲ್ಲ, ಬೆಳೆಯುವ ದೇಹಕ್ಕೆ ಅಷ್ಟು ಪ್ರೋಟೀನು ಅದರಲ್ಲಿಲ್ಲ. ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲದು. ಈರುಳ್ಳಿ ಬೇಯಿಸಿದರೂ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ, ಹಾಗಾಗಿ ಸಾಂಬಾರು ಕಲಸಿದ ಅನ್ನವೂ ಬೇಡ. ಚಾಕೊಲೇಟ್ ವಿಷವೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಕಚ್ಚುವ ಕಾಲ ಬರುತ್ತದೆ, ಹೋಗುತ್ತದೆ. ನಾಲ್ಕರಿಂದ ಏಳನೇ ತಿಂಗಳೊಳಗೆ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಮೂಡುತ್ತವೆ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆ ತಣ್ಣೀರಿಗೆ ಧುಮುಕಿ ಮೀನು, ಹಗ್ಗ ಕಚ್ಚಿ ತರುತ್ತಿದ್ದ ನಾಯಿಗಳ ವಂಶ ಇದು. ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಹೊತ್ತು ತಿರುಗುವುದು ಅದರ ಹುಟ್ಟುಗುಣ. ಎರಡು ಪದರದ ತುಪ್ಪಳವೂ ಆ ತಣ್ಣೀರಿನದ್ದೇ ಬಳುವಳಿ, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅದು ತೀರಾ ಭಾರ. ನಡೆದಾಡಿಸುವುದು ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ.

ಇನ್ನೊಂದು ಇಕ್ಕಟ್ಟು ಇದೆ. ಹೊಸ ಸದ್ದು, ಹೊಸ ಮುಖಗಳಿಗೆ ಮರಿಯ ಮನಸ್ಸು ಸುಲಭವಾಗಿ ಹೊಂದಿಕೊಳ್ಳುವುದು ಸುಮಾರು ಮೂರರಿಂದ ಹದಿನಾಲ್ಕು ವಾರಗಳ ನಡುವೆ. ಆದರೆ ಮರಿಗಳ ಪ್ರಾಣಕ್ಕೇ ಎರವಾಗಬಲ್ಲ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಲಸಿಕೆಯ ಸರಣಿ ಮುಗಿಯುವಷ್ಟರಲ್ಲಿ ಮರಿಗೆ ಹದಿನಾರು ವಾರ ತುಂಬಿರುತ್ತದೆ. ಅಷ್ಟು ದಿನ ಬಾಗಿಲು ಹಾಕಿಕೊಂಡು ಕೂತರೆ ಆ ಕಾಲ ಕೈಜಾರುತ್ತದೆ. ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಹೋಗಿ: ಆಟೊ ಸದ್ದು, ಸಂತೆಯ ಗದ್ದಲ, ಕೊಡೆ ಹಿಡಿದವರು, ಹೆಲ್ಮೆಟ್ ತೊಟ್ಟವರು ಎಲ್ಲ ಪರಿಚಯವಾಗಲಿ. ಬೀದಿಯ ನೆಲಕ್ಕೆ ಮಾತ್ರ ಇಳಿಸಬೇಡಿ.

ಹಸಿವಿನ ಆ ಲೋಪಕ್ಕೆ ಒಂದು ಒಳ್ಳೆಯ ಮುಖವೂ ಇದೆ. 2016ರ ಅಧ್ಯಯನದಲ್ಲಿ, ಅಂಗವಿಕಲರಿಗೆ ನೆರವಾಗುವ ತರಬೇತಿ ಪಡೆದ ಲ್ಯಾಬ್ರಡಾರ್‌ಗಳಲ್ಲಿ ಮುಕ್ಕಾಲು ಪಾಲಿಗೆ ಅದು ಇತ್ತು. ತುತ್ತಿನಾಸೆಗೆ ಅವು ಬೇಗ ಕಲಿಯುವುದರಿಂದ ತರಬೇತಿಗೆ ಅಂಥವೇ ಹೆಚ್ಚು ಆಯ್ಕೆಯಾಗಿರಬಹುದು ಎಂಬುದು ಸಂಶೋಧಕರ ಊಹೆ. "ಕೂರು", "ಬಾ", "ಬಿಡು" ಕಲಿಸಲು ನಿಮಗೂ ಇದೇ ದಾರಿ. ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕಿಡಿ. ಪಾಠದ ಬಹುಮಾನವೂ ಅಜ್ಜಿಯ ಮುದ್ದಿನ ತುತ್ತೂ ಆ ಡಬ್ಬಿಯಿಂದಲೇ ಬರಲಿ.